ಹಣೆ ಬ್ಯಾಟರಿ

ನಮ್ಮ ಮನೆಯವರ ಮುಂದಿನ ಹಲ್ಲು ಸೀಳಿದ್ದು ಯಾವ ಜಗಳದಲ್ಲೂ ಅಲ್ಲ. ನಮ್ಮ ದಾಂಡೇಲಿಯ ಕುಳಗಿ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಒಂದು ಜೀಪಿನ ಕೆಳಗೆ ಮಲಗಿ, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು, ಜಿದ್ದು ಹಿಡಿದ ಒಂದು ನಟ್ಟನ್ನು ತಿರುವುವಾಗ. ನಟ್ಟೂ ಬಿಚ್ಚಿತು, ಹಲ್ಲೂ ಬಿಚ್ಚಿತು. ಬ್ಯಾಟರಿ ಅಂದರೆ ನಮ್ಮ ಕಡೆ ಟಾರ್ಚು. ಗಾಡಿಯ ಬ್ಯಾಟರಿಯನ್ನೇ ಬಾಯಲ್ಲಿ ಎತ್ತುವಷ್ಟು ಪೈಲವಾನರು ಅವರಲ್ಲ.

ಹಲ್ಲಿನ ಡಾಕ್ಟರು ಬಾಯೊಳಗೆ ಕನ್ನಡಿ ಹಿಡಿದು ನೋಡಿ, "ತಾಜುದ್ದೀನ ಸಾಹೇಬ್ರ, ಇದನ್ನೇನೋ ಅಂಟಿಸಿ ಕೊಡ್ತೇನಿ. ಇನ್ನೊಮ್ಮೆ ಬ್ಯಾಟರಿ ಕಚ್ಚಿದ್ರಿ ಅಂದ್ರ ಆಜೂಬಾಜೂದವನ್ನೂ ಇಲ್ಲೇ ಬಿಟ್ಟು ಹೋಗಬೇಕಾಗತೈತಿ" ಅಂದರು.

ಹೊರಗೆ ಬಂದ ಮೇಲೆ ಇವರು ನನ್ನ ಮೇಲೇ ಸಿಟ್ಟಾದರು. "ನನ್ನ ತಪ್ಪೇನೈತಿ? ಅವತ್ತು ನಿಲೋಫರಗ ಕಾಲೇಜು ಇತ್ತು. ಬ್ಯಾಟರಿ ಹಿಡಿಯಾಕ ಯಾರಿದ್ರು?"

ನಿಲೋಫರ ನಮ್ಮ ಮಗಳು. ಬಿ.ಕಾಂ ಓದುತ್ತಾಳೆ. ಆದರೆ ಅವಳ ಖರೆ ನೌಕರಿ ಸಣ್ಣವಳಿದ್ದಾಗಿನಿಂದ ಒಂದೇ, ಸಂಜೆ ಹೊತ್ತು ಅಪ್ಪನ ಗ್ಯಾರೇಜಿನಲ್ಲಿ ಬ್ಯಾಟರಿ ಹಿಡಿಯುವುದು. ಇದು ಸುಲಭದ ಕೆಲಸ ಅಂತ ಯಾರಾದರೂ ತಿಳಿದರೆ ಅವರು ತಾಜು ಮಿಸ್ತ್ರಿಯ ಪಕ್ಕ ಒಂದು ಸಲ ನಿಂತು ನೋಡಬೇಕು. ಕೈ ಹೋದ ಮೇಲೆ ಬೆಳಕು ಹೋದರೆ ಬೈಗಳ. ಕೈ ಎಲ್ಲಿಗೆ ಹೋಗಲಿದೆಯೋ ಅಲ್ಲಿಗೆ ಬೆಳಕು ಮೊದಲೇ ಹೋಗಿ ಕೂತಿರಬೇಕು. "ನೆರಳು! ನೆರಳು ಬೀಳಾಕತ್ತೈತಿ! ಕಣ್ಣು ಎಲ್ಲಿ ಇಟ್ಟಿ?" ಅಂತ ಗಾಡಿಯ ಕೆಳಗಿಂದ ಬರುವ ಕೂಗು ನಮ್ಮ ಓಣಿಗೆಲ್ಲ ಕೇಳುತ್ತಿತ್ತು.

ನನಗೆ ಹುಡುಗಿಯ ಮೇಲೆ ಕನಿಕರ ಬರುತ್ತಿತ್ತು. ಓದುವ ಹೊತ್ತಿನಲ್ಲಿ ಇಂಜಿನ್ನಿಗೆ ಬೆಳಕು ಬಿಡುತ್ತಾಳೆ. ಮನೆಗೆ ಬಂದರೆ ದುಪಟ್ಟಾದಲ್ಲಿ ಡೀಸೆಲ್ ವಾಸನೆ. ನಾನು ದಿನವಿಡೀ ಶಾಲೆಯ ಯೂನಿಫಾರ್ಮು ಹೊಲಿದು ಸೊಂಟ ಹಿಡಿದು ಕೂತಾಗ ಈ ವಾಸನೆ ಬಂದರೆ, ಒಬ್ಬರಾದರೂ ಈ ಮನೆಯಲ್ಲಿ ಸ್ವಚ್ಛ ಬಟ್ಟೆಯಲ್ಲಿ ದುಡಿಯಲಿ ಅನ್ನಿಸುತ್ತಿತ್ತು.

ರಾಫ್ಟಿಂಗಿಗೆ ಬರುವ ಪ್ಯಾಟಿ ಹುಡುಗರ ಹಣೆಯ ಮೇಲೆ ಪಟ್ಟಿ ಕಟ್ಟಿದ ದೀಪ ನೋಡಿದ್ದೆ. ಅಂಥದ್ದೊಂದು ತಂದರೆ ಇವರ ಹಲ್ಲೂ ಉಳಿಯಿತು, ಮಗಳ ಸಂಜೆಯೂ ಉಳಿಯಿತು ಅಂತ ಲೆಕ್ಕ ಹಾಕಿದೆ. ನನ್ನ ಲೆಕ್ಕ ಬಟ್ಟೆಯ ಮೇಲೆ ಮಾತ್ರ ಸರಿ ಬರುವುದು ಅಂತ ಆಗ ನೆನಪಾಗಲಿಲ್ಲ.

ಅದರ ಹೆಸರು ಗೊತ್ತಿರಲಿಲ್ಲ. ತಲೆಗೆ ಹಾಕುವ ದೀಪ, ಹೆಡ್‌ಲೈಟೇ ಇರಬೇಕು ಅಂದುಕೊಂಡು, ನಮಗೆ ಗುರುತಿನ ಯಲ್ಲಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ನಿಲೋಫರ ಜೊತೆಗಿದ್ದಳು. ಯಾತಕ್ಕೆ ಅಂತ ಅವಳಿಗೆ ಹೇಳಿರಲಿಲ್ಲ.

"ಯಲ್ಲಪ್ಪಣ್ಣಾ, ಒಂದು ಹೆಡ್‌ಲೈಟ್ ಬೇಕಾಗಿತ್ತು."

"ಯಾವುದಕ್ರಿ ಭಾಬಿ?"

"ನಮ್ಮ ಮನಿಯವರಿಗೆ."

"ಅವರಿಗೇ ಅಂತ ಗೊತ್ತೈತ್ರಿ. ಗಾಡಿ ಯಾವುದು? ಯಾವ ಮಾಡಲ್?"

"ಗಾಡಿಗಲ್ಲಪ್ಪಾ. ಅವರಿಗೇ. ಅವರ ತಲಿಗೆ."

ಯಲ್ಲಪ್ಪ ಗಂಭೀರವಾಗಿ ತಲೆ ಕೆರೆದುಕೊಂಡ. "ಮಿಸ್ತ್ರೀದು ಭಾಳ ಹಳೀ ಮಾಡಲ್ಲರಿ ಭಾಬಿ. ಅದಕ್ಕ ಈಗ ಪಾರ್ಟು ಬರಂಗಿಲ್ಲ. ಕಂಪನಿಯವರ ಬಂದ್ ಮಾಡ್ಯಾರ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಲೋಫರ ನಗಲಿಲ್ಲ. "ಅಬ್ಬಾನ ತಲಿಗೆ ದೀಪ ಯಾಕ?" ಅಂದಳು.

ಯಲ್ಲಪ್ಪ ಹೇಳಿದ ಗುರುತಿನ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಕುಬೇರನ ಅಂಗಡಿಗೆ ಹೋದೆವು. ಕುಬೇರ ಮುಂಡಗೋಡ ಕಡೆಯ ತಾಂಡಾದವನು. ಕಾಡು ನೋಡಲು ಬರುವವರಿಗೆ ರೇನ್‌ಕೋಟು, ಟೊಪ್ಪಿಗೆ, ಬೂಟು, ಟೆಂಟು ಮಾರುತ್ತಾನೆ. ಊರಲ್ಲಿ ಗೋಂಜಾಳ, ಅಂದರೆ ಮೆಕ್ಕೆಜೋಳ, ತೆನೆ ಹಾಲು ಕಟ್ಟುವ ಹೊತ್ತಿಗೆ ಅಂಗಡಿ ಮುಚ್ಚಿ, ದೀಪ ಕಟ್ಟಿಕೊಂಡು ರಾತ್ರಿ ಹೊಲ ಕಾಯಲು ಹೋಗುತ್ತಾನೆ. ಹಾಗಾಗಿ ಹಣೆ ದೀಪದ ವಿಷಯ ತೆಗೆದದ್ದೇ ತಡ, ಅವನಿಗೆ ಹಬ್ಬ ಬಂದಂತಾಯಿತು. ಗಾಜಿನ ಮೇಲೆ ಸಾಲಾಗಿ ಜೋಡಿಸಿದ.

"ಇದನ್ನ ನೋಡ್ರಿ ಅಕ್ಕಾರ. ನಂದೂ ಇದ. ಹೊಲದ ಈ ದಂಡ್ಯಾಗ ನಿಂತು ಹಚ್ಚಿದ್ರ ಆ ದಂಡ್ಯಾಗ ನಿಂತ ಪ್ರಾಣಿ ಎದ್ದು ನಮಸ್ಕಾರ ಮಾಡತೈತಿ."

"ನಮ್ಮವರು ನೋಡೋದು ಅಷ್ಟು ದೂರ ಅಲ್ಲಪ್ಪಾ. ಒಂದು ಗೇಣು ದೂರ. ಮೂಗಿನ ಮುಂದ ಇಂಜಿನ್ ಇರತೈತಿ."

"ಹಂಗಾದ್ರ ಇದು ಬ್ಯಾಡ. ಹತ್ರ ಹಿಡಿದ್ರ ಕಣ್ಣು ಕುಕ್ಕತೈತಿ."

ಅದು ನನಗೂ ಗೊತ್ತಿದ್ದ ಮಾತೇ. ಸೂಜಿಗೆ ದಾರ ಪೋಣಿಸುವವಳಿಗೆ ಬೆಳಕಿನ ಗುಣ ತಿಳಿದಿರುತ್ತದೆ. ಒಂದೇ ಚುಕ್ಕೆಯಾಗಿ ಚೂಪಾಗಿ ಬಿದ್ದರೆ ಸುತ್ತಲಿನದು ಕತ್ತಲಾಗುತ್ತದೆ, ಕಪ್ಪು ಬಟ್ಟೆಯ ಮೇಲೆ ಹೊಲಿಗೆ ತಪ್ಪುತ್ತದೆ. ಬೆಳಕು ಹಿಟ್ಟು ಹರವಿದ ಹಾಗೆ ಹರವಿಕೊಂಡು ಬೀಳಬೇಕು. ಕುಬೇರನಿಗೆ ಹಾಗೇ ಹೇಳಿದೆ. ಅವನು ಹರವು ಬೆಳಕಿನ ದೀಪಗಳನ್ನು ಬೇರೆ ಮಾಡಿ ಇಟ್ಟ.

ಆಗ ಶುರುವಾಯಿತು ನಿಲೋಫರಳ ತಪಾಸಣೆ.

ಮೊದಲನೆಯದನ್ನು ಕೈಯಲ್ಲಿ ತೂಗಿ, "ವಜ್ಜಿ ಐತಿ. ಗಾಡಿ ಕೆಳಗ ಮಲಗಿದ್ರ ಜಾರಿ ಕಣ್ಣ ಮ್ಯಾಲ ಬೀಳತೈತಿ" ಅಂದಳು. ಕುಬೇರ ಹಗುರದ್ದು ಕೊಟ್ಟ. "ಬಟನ್ ಸಣ್ಣದು. ಗ್ರೀಸ್ ಕೈಗೆ ಸಿಗಂಗಿಲ್ಲ." ದೊಡ್ಡ ಬಟನ್ನಿನದು ಬಂತು. "ಮಳ್ಯಾಗ?" ಅಂದಳು. ಕುಬೇರ ಅದನ್ನು ಬಕೆಟ್ಟಿನ ನೀರಿಗೆ ಅದ್ದಿ ಎತ್ತಿದ. ಉರಿಯುತ್ತಲೇ ಇತ್ತು. "ಚಾರ್ಜ್ ಖಾಲಿ ಆದ್ರ? ಅಣಶಿ ಘಾಟಿನ್ಯಾಗ ಎಲ್ಲಿ ಪ್ಲಗ್ ಹುಡುಕೋದು?" ಕುಬೇರ ಹಿಂಬದಿ ಬಿಚ್ಚಿ ತೋರಿಸಿದ. ಚಾರ್ಜೂ ಆಗುತ್ತದೆ, ಸಾದಾ ಸೆಲ್ಲೂ ಕೂಡುತ್ತವೆ. ಮುಖ ಕೆಳಕ್ಕೆ ಬಾಗುತ್ತದೆ. ಒಂದು ಸಲ ಒತ್ತಿದರೆ ಹರವು ಬೆಳಕು, ಇನ್ನೊಮ್ಮೆ ಒತ್ತಿದರೆ ದೂರದ್ದು, ಒತ್ತಿ ಹಿಡಿದರೆ ಕೆಂಪು.

"ಕೆಂಪು ಯಾಕ?" ಅಂದೆ.

"ಕತ್ತಲಿಗೆ ಹೊಂದಿದ ಕಣ್ಣು ಹಂಗ ಉಳೀತಾವ್ರಿ. ಎದುರಿಗಿದ್ದವರಿಗೂ ತ್ರಾಸ ಇಲ್ಲ."

ನಿಲೋಫರಳಿಗೆ ಹೇಳಲು ಏನೂ ಉಳಿಯಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ಬಣ್ಣ ಛಲೋ ಇಲ್ಲ" ಅಂದಳು.

ಕುಬೇರ ಕೈ ಮುಗಿದ. "ತಂಗೀ, ನೀ ಗಿರಾಕಿ ಏನು, ಗಾಡಿ ಪಾಸಿಂಗ್ ಮಾಡೋ ಇನ್‌ಸ್ಪೆಕ್ಟರ್ ಏನು? ಬಿಸಲಾಗ ನಿಂತು ದೀಪಕ್ಕ ಹೆಸರಿಟ್ರ ಹೆಂಗ? ಅಗೋ ಆ ಟೆಂಟಿನ್ಯಾಗ ಹೋಗ್ರಿ. ಕತ್ತಲ ಐತಿ. ಹಚ್ಚಿ ನೋಡಿ ಬರ್ರಿ."

ಮೂಲೆಯಲ್ಲಿ ಮಾದರಿಗೆ ಅಂತ ಒಂದು ಟೆಂಟು ನಿಲ್ಲಿಸಿದ್ದ. ನಾನು ಬುರ್ಖಾ ಸಾವರಿಸಿಕೊಂಡು ಅಂಬೆಗಾಲಿಕ್ಕಿ ಒಳಗೆ ಹೋದೆ. ಅವಳು ಹಿಂದಿನಿಂದ ಬಂದು ಜಿಪ್ ಎಳೆದಳು. ದೀಪ ಅವಳ ಹಣೆಯ ಮೇಲಿತ್ತು. ಬೆಳಕು ನೆಟ್ಟಗೆ ನನ್ನ ಮುಖಕ್ಕೆ.

"ಆರಿಸ ಅದನ್ನ. ಪೊಲೀಸರು ಕೇಳಿದಂಗ ಕೇಳಬ್ಯಾಡ."

"ಇದು ಬ್ಯಾಡ ಅಮ್ಮಿ."

"ಯಾಕ? ಏನ್ ಕಮ್ಮಿ ಐತಿ ಇದಕ್ಕ?"

ದೀಪ ಆರಿತು. ಕತ್ತಲಲ್ಲಿ ಅವಳ ದನಿ ಮಾತ್ರ. "ಕಮ್ಮಿ ಏನೂ ಇಲ್ಲ. ಅದಕ್ಕ ಬ್ಯಾಡ. ಇದು ಬಂತಂದ್ರ ಅಬ್ಬಾಗ ನಾ ಯಾಕ ಬೇಕು?"

"ಛಲೋ ಆತಲ್ಲ. ಆರಾಮ ಓದ್ಕೋಂತ ಇರು. ಬೈಸ್ಕೊಳ್ಳೋದು ತಪ್ಪತೈತಿ."

"ನಾ ಬ್ಯಾಟರಿ ಹಿಡಿಯಾಕ ಹೋಗ್ತೇನಿ ಅಂತ ತಿಳದೀ ಏನು? ನಾ ನೋಡಾಕ ಹೋಗ್ತೇನಿ. ಬ್ಯಾಟರಿ ಹಿಡದವರಿಗೆ ಎಲ್ಲಾ ಕಾಣತೈತಿ ಅಮ್ಮಿ. ಯಾವ ನಟ್ಟು ಮೊದಲ, ಯಾವುದು ಆಮ್ಯಾಲ, ಎಲ್ಲಾ. ನನಗ ಮಿಸ್ತ್ರಿ ಆಗಬೇಕು."

ನಾನು, "ಅಬ್ಬಾಗ ಹೇಳು" ಅಂದೆ.

"ಹೇಳಿದ್ದೆ. ನಕ್ಕರು. ಮೊದಲ ಬ್ಯಾಟರಿ ಸರಿ ಹಿಡಿ ಅಂದ್ರು. ಅದಕ್ಕ ಸರಿ ಹಿಡಿಯಾಕತ್ತೇನಿ. ಈಗ ನೀ ಅದನ್ನೂ ಕಸಗೊಂಡ್ರ ನಾ ಯಾವ ನೆವಾ ಮಾಡ್ಕೊಂಡು ಗ್ಯಾರೇಜಿಗೆ ಹೋಗ್ಲಿ?"

ಹೊರಗಿಂದ ಕುಬೇರ ಕೂಗಿದ. "ಅಕ್ಕಾರ, ಹೆಂಗೈತ್ರಿ ಒಳಗ? ಟೆಂಟೂ ಪಸಂದ್ ಬಂತೇನು?"

ಒಂದು ಕಡೆ ಗಂಡನ ಹಲ್ಲು, ಇನ್ನೊಂದು ಕಡೆ ಮಗಳ ಆಸೆ. ಅಂಟಿಸಿದ ಹಲ್ಲನ್ನು ಬೆಳಗ್ಗೆಯೂ ನೋಡಿದ್ದೆ. ಅವರು ರೊಟ್ಟಿಯನ್ನು ಬಾಯಿಯ ಬದಿಯಿಂದ ಮೆಲ್ಲಗೆ ಮುರಿಯುತ್ತಿದ್ದರು. ಹಲ್ಲು ಹೋದರೆ ಮತ್ತೆ ಬರುವುದಿಲ್ಲ, ಹುಡುಗಿಗೆ ಇನ್ನೊಂದು ದಾರಿ ಹುಡುಕಿದರಾಯಿತು ಅಂದುಕೊಂಡು ಆ ದೀಪವನ್ನೇ ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನನಗೂ ಏನೋ ಕದ್ದು ತಂದವಳ ಹಾಗೆ ಆಗುತ್ತಿತ್ತು.

ಇವರಿಗೋ ಮದುಮಗನ ಸಂಭ್ರಮ. ಟೋಪಿಯ ಮೇಲೆ ಪಟ್ಟಿ ಬಿಗಿದು ಕನ್ನಡಿಯ ಮುಂದೆ ನಿಂತರು. ಸಾರಿನ ಪಾತ್ರೆಯೊಳಗೆ ಬಗ್ಗಿ ಬೆಳಕು ಬಿಟ್ಟು, "ಇದರಾಗ ಬ್ಯಾಳಿ ಎಲ್ಲಿ ಅದಾವು ಬೇಗಂ?" ಅಂದರು. ಮಾತಾಡಿಸಲು ಬಂದ ಪಕ್ಕದ ಮನೆಯವರ ಮುಖಕ್ಕೆ ಬೆಳಕು ಹೊಡೆದು ಅವರು ಕಣ್ಣು ಮುಚ್ಚಿಕೊಂಡೇ ಸಲಾಂ ಹೇಳಿ ಹೋದರು. ನಾನು ಕೆಂಪು ದೀಪ ಹಾಕಿರಿ ಅಂದೆ. ಕೆಂಪು ಹಾಕಿದರೆ ಎದುರು ಮನೆಯ ಮಕ್ಕಳು, "ಚಾಚಾ ಬ್ರೇಕ್ ಹೊಡದ್ರು" ಅಂತ ಓಡಿದರು.

ಎಲ್ಲ ಆಟ ಮುಗಿದ ಮೇಲೆ ಮಗಳ ತಲೆ ಸವರಿ, "ಇನ್ನ ನಿನಗ ರಜಾ ಬೇಟಾ. ಆರಾಮ ಓದು" ಅಂದರು. ಪ್ರೀತಿಯಿಂದಲೇ ಅಂದರು. ಅವಳು "ಹೂಂ" ಅಂದು ಒಳಗೆ ಹೋದಳು.

ಆಮೇಲೆ ನಮ್ಮ ಮನೆಯಲ್ಲಿ ಬಿಚ್ಚದೆ ಉಳಿದ ಸಾಮಾನು ಇಲ್ಲ. ಮಿಕ್ಸರ್ ಬಿಚ್ಚಿದಳು. ಗೋಡೆಯ ಫ್ಯಾನ್ ಬಿಚ್ಚಿದಳು. ಒಂದು ದಿನ ನನ್ನ ಹೊಲಿಗೆ ಯಂತ್ರ ನೆಲದ ಮೇಲೆ ತುಂಡುತುಂಡಾಗಿ ಮಲಗಿತ್ತು. "ಗಿರಾಕಿ ನಾಳೆ ಬರ್ತಾರ! ನಿನ್ನ ಸಿಟ್ಟು ನನ್ನ ಮಷೀನಿನ ಮ್ಯಾಲ ಯಾಕ?" ಅಂತ ಚೀರಿದೆ. ಸಂಜೆಗೆ ಕೂಡಿಸಿ ಕೊಟ್ಟಳು. ಮೊದಲಿಗಿಂತ ಮೆತ್ತಗೆ ಓಡಿತು. ಅದನ್ನು ನಾನು ಅವಳಿಗೆ ಹೇಳಲಿಲ್ಲ, ಆದರೆ ಅವರಪ್ಪನಿಗೆ ಹೇಳಿದೆ.

"ಹುಡುಗಿಗೆ ಕೈ ಐತ್ರಿ. ಕಲಿಸ್ರಿ ಆಕಿಗೆ."

"ಕಲಿಸಿದ್ರ ಗಾಡಿ ಕೊಡೋವ್ರು ಯಾರು? ಮಾಲಕರು ಹೆಣ್ಣಮಗಳ ಕೈಗೆ ಸ್ಟೀರಿಂಗ್ ಕೊಟ್ಟಾರು, ಪಾನಾ ಕೊಡಂಗಿಲ್ಲ. ಆಕಿ ಕಲ್ತು ಖಾಲಿ ಕುಂತ್ರ ನನಗ ನೋಡಾಕ ಆಗಂಗಿಲ್ಲ ರಹೀಮಾ."

ಈ ಕಡೆಯ ಮಾತು ನಾನು ಎಣಿಸಿರಲಿಲ್ಲ. ಅವರ ಬೆರಳ ಗೆಣ್ಣಿನ ಚರ್ಮ ಕಿತ್ತು ಹೋಗಿದ್ದು ಆಗ ಕಂಡಿತು. ಕೇಳಿದರೆ, "ಪಾನಾ ಜಾರಿತು" ಅಂದರು. ಪಾನಾ ಅಂದರೆ ನಟ್ಟು ತಿರುವುವ ಸ್ಪ್ಯಾನರು. ಮರುದಿನ ಇನ್ನೊಂದು ಬೆರಳು. ಆ ಪಾನಾ ದಿನಾ ಜಾರತೊಡಗಿತು.

ಗೋವಾ ರಸ್ತೆಯ ರಾಮನಗರದಲ್ಲಿ ನನ್ನ ನಾದಿನಿಯ ಮಗಳ ನಿಶ್ಚಿತಾರ್ಥವಿತ್ತು. ನಮ್ಮ ಹಳೆಯ ಓಮ್ನಿಯಲ್ಲಿ ಮೂವರೂ ಹೋಗಿ, ಬಿರಿಯಾನಿ ಉಂಡು, ಹೊತ್ತು ಮುಳುಗುವ ಮೊದಲು ಹೊರಡಬೇಕೆಂದರೂ ಮುಳುಗಿದ ಮೇಲೇ ಹೊರಟೆವು. ದಾಂಡೇಲಿಗೆ ಬರುವ ಕಾಡಿನ ದಾರಿ. ಫೋನಿಗೆ ಸಿಗ್ನಲ್ ಇಲ್ಲ. ಒಂದು ತಿರುವಿನಲ್ಲಿ ಪಿಕ್‌ಅಪ್ ಗಾಡಿಯೊಂದು ಬದಿಗೆ ನಿಂತಿತ್ತು. ಅದರ ಡ್ರೈವರು ರಸ್ತೆಯ ನಟ್ಟನಡುವೆ ನಿಂತು ಎರಡೂ ಕೈ ಬೀಸಿದ.

"ಥಾಂಬಾ, ಥಾಂಬಾ! ದಾದಾ, ನಿಂದರ್ರಿ!"

ಇಳಿಯುವ ಮೊದಲೇ ಮೂಗಿಗೆ ಗೊತ್ತಾಯಿತು. ಗಾಡಿಯ ತುಂಬ ಬಂಗಡೆ. ಡ್ರೈವರ ಹೆಸರು ಜ್ಯೋತಿಬಾ. ಗೋವಾದಿಂದ ದಾಂಡೇಲಿ ಬಜಾರಿಗೆ ಮೀನು ತರುತ್ತಿದ್ದನಂತೆ. ಗಾಡಿ ಕೆಮ್ಮಿ ಕೆಮ್ಮಿ ನಿಂತಿದೆ.

"ಐಸ್ ಕರಗಾಕತ್ತೈತ್ರಿ. ಇನ್ನೊಂದು ತಾಸು ನಿಂತ್ರ ಮೀನ ಒಳಗ ಈಜಾಕ ಹತ್ತತಾವು. ಬೆಳಗಾವಿಯಿಂದ ಮಿಸ್ತ್ರಿ ಕರಸಬೇಕಂದ್ರ ಫೋನ್ ಹತ್ತವಲ್ದು."

"ಮಿಸ್ತ್ರಿ ಬಂದಾನ" ಅಂದರು ಇವರು. ಸೀಟಿನ ಕೆಳಗಿಂದ ಪಾನಾಗಳ ಚೀಲ ಎಳೆದು, ಸಿನೆಮಾದವರ ಹಾಗೆ ದೀಪವನ್ನು ಹಣೆಗೇರಿಸಿ, ಪಟ್ಟಿ ಎಳೆದು ಟಪ್ಪೆಂದು ಬಿಟ್ಟರು. ಜ್ಯೋತಿಬಾ, "ವಾಹ್!" ಅಂದ.

ಇವರ ಚಸ್ಮಾ ಎರಡು ಭಾಗದ್ದು. ಮೇಲಿನ ಗಾಜು ದೂರಕ್ಕೆ, ಕೆಳಗಿನ ಚೂರು ಹತ್ತಿರಕ್ಕೆ. ಹತ್ತಿರದ್ದು ಕಾಣಬೇಕಾದರೆ ಗದ್ದ ಎತ್ತಿ, ಕಣ್ಣು ಕೆಳಗಿಳಿಸಿ, ಕೆಳಗಿನ ಚೂರಿನಿಂದ ನೋಡಬೇಕು. ಪೇಪರ್ ಓದುವಾಗಲೂ ಹಾಗೇ. ಬಾನೆಟ್ ಎತ್ತಿ ಒಳಗೆ ಬಗ್ಗಿದರು. ನೋಡಲು ಗದ್ದ ಎತ್ತಿದರು. ಗದ್ದದ ಜೊತೆ ಹಣೆಯೂ ಮೇಲೆದ್ದಿತು. ಬೆಳಕು ಇಂಜಿನ್ ಬಿಟ್ಟು ಸೀದಾ ಮರ ಹತ್ತಿತು. ಮೇಲೆ ಮಲಗಿದ್ದ ಮಂಗಗಳು ಎಚ್ಚರಾಗಿ ಖೊಕ್ ಖೊಕ್ ಅಂದವು.

ಜ್ಯೋತಿಬಾ ಸಂಕೋಚದಿಂದ, "ದಾದಾ, ಇಂಜಿನ್ ಕೆಳಗ ಐತ್ರಿ" ಅಂದ.

"ಗೊತ್ತೈತಿ, ಗೊತ್ತೈತಿ." ಗದ್ದ ಇಳಿಸಿದರು. ಬೆಳಕು ಇಂಜಿನ್ನಿಗೆ ಬಂತು, ಆದರೆ ಕಣ್ಣು ಮೇಲಿನ ಗಾಜಿಗೆ ಹೋಯಿತು. ದೂರದ ಗಾಜಿನಲ್ಲಿ ಹತ್ತಿರದ ಸ್ಕ್ರೂ ಎಲ್ಲಿ ಕಾಣಬೇಕು? ದೀಪದ ಮುಖವನ್ನು ಕಟಕಟ ಅಂತ ಪೂರ್ತಿ ಕೆಳಕ್ಕೆ ಬಾಗಿಸಿದರು. ಅದು ಚಸ್ಮಾದ ಗಾಜಿಗೇ ಹೊಡೆಯಿತು. "ಯಾ ಅಲ್ಲಾ! ಸೂರ್ಯ ಹುಟ್ಟಿದ!" ಅಂತ ಕಣ್ಣು ಮುಚ್ಚಿದರು. ಚಸ್ಮಾ ತೆಗೆದು ಕೈಯಂದಾಜಿನ ಮೇಲೆ ಪಾನಾ ಹಚ್ಚಿದರು. ಜಾರಿತು. ಮತ್ತೊಂದು ಗೆಣ್ಣು.

ಪಾನಾ ದಿನಾ ಯಾಕೆ ಜಾರುತ್ತಿತ್ತು ಅಂತ ನನಗೆ ಆಗ ತಿಳಿಯಿತು. ಇಷ್ಟು ದಿನ ಅವರು ಗದ್ದ ಎಲ್ಲಿ ಎತ್ತಿದರೂ ಬೆಳಕು ತನ್ನ ಜಾಗದಲ್ಲಿ ಇರುತ್ತಿತ್ತು. ಅದನ್ನು ಹಿಡಿದವಳಿಗೆ ಎರಡು ಕಣ್ಣು ಬೇರೆ ಇದ್ದವು.

ನಿಲೋಫರ ಓಮ್ನಿಗೆ ಒರಗಿ ಕೈಕಟ್ಟಿ ನಿಂತಿದ್ದಳು. ಮೊಣಕೈಯಿಂದ ತಿವಿದು, "ಹೋಗ ನೀ" ಅಂದೆ.

"ಬ್ಯಾಡ ಅಮ್ಮಿ. ನನಗ ರಜಾ ಐತಿ."

ಮೆಲ್ಲಗೇ ಅಂದಳು, ಆದರೆ ಕಾಡಿನಲ್ಲಿ ಮೆಲ್ಲಗಿನ ಮಾತೂ ಕೇಳುತ್ತದೆ. ಇವರು ಬಾನೆಟ್ಟಿನ ಕೆಳಗಿಂದ ತಲೆ ಹೊರಗೆ ತೆಗೆದರು. ಬೆಳಕು ಮಗಳ ಮುಖಕ್ಕೆ ಬಿತ್ತು. ಅವಳು ಕಣ್ಣು ಸಣ್ಣ ಮಾಡಿದಳೇ ಹೊರತು ಮುಖ ತಿರುಗಿಸಲಿಲ್ಲ. ಇವರೇ ದೀಪ ಆರಿಸಿದರು.

"ಸ್ಕ್ರೂ ಎಲ್ಲೈತಿ ನನಗ ಗೊತ್ತು" ಅಂದರು. "ಬೆಳಕು ಎಲ್ಲೈತಿ ಅದೂ ಗೊತ್ತು. ಎರಡೂ ಕೂಡಿ ಒಂದ ಕಡೆ ಬರವಲ್ವು ಬೇಟಾ."

"ಬ್ಯಾಟರಿ ಹಿಡೀಲೇನು?" ಅಂದಳು. ದನಿ ಇನ್ನೂ ಬಿರುಸಾಗಿಯೇ ಇತ್ತು.

"ಬ್ಯಾಟರಿ ಹಿಡದ್ರ ಕೈ ಯಾವುದು ಉಳೀತು?" ಪಟ್ಟಿ ಬಿಚ್ಚಿ, ಅವಳ ದುಪಟ್ಟಾದ ಮೇಲೇ ಕಟ್ಟಿದರು. ಸಡಿಲಾಯಿತು. ಬಿಗಿ ಮಾಡಿದರು. "ನೋಡು. ಏನ್ ಕಾಣತೈತಿ ಹೇಳು."

ಅವಳು ಬಾನೆಟ್ಟಿನೊಳಗೆ ಬಗ್ಗಿದಳು. ಬೆಳಕು ಹರವಾಗಿ ಬಿದ್ದು ನಿಂತಿತು. ಅಲ್ಲಾಡಲಿಲ್ಲ.

"ಏರ್ ಹಿಡದೈತಿ ಅಬ್ಬಾ. ಡೀಸೆಲ್ ಲೈನಿನ್ಯಾಗ ಗಾಳಿ ಹೊಕ್ಕೈತಿ."

"ಮತ್ತ?"

"ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡ್ಲ ಮಾಡ್ತೇನಿ. ನೀವು ಪಂಪ್ ಒತ್ರಿ. ಗಾಳಿ ಹೋಗೂತನಕ."

"ಯಾವ ಪಾನಾ?"

ಅವಳು ಆಗಲೇ ಚೀಲದಲ್ಲಿ ಕೈ ಹಾಕಿ ತೆಗೆದಿದ್ದಳು. ಸ್ಕ್ರೂ ಒಂದು ಸುತ್ತು ಬಂತು. ಇವರು ಪಂಪ್ ಒತ್ತಿದರು. ಡೀಸೆಲ್ ಗುಳ್ಳೆಗುಳ್ಳೆಯಾಗಿ ಉಕ್ಕಿತು. ತಡೆಯಲಾರದೆ ಇವರ ಇನ್ನೊಂದು ಕೈ ಸ್ಕ್ರೂ ಕಡೆಗೆ ಹೋಯಿತು.

"ನೆರಳು! ಕೈ ತೆಗೀರಿ ಅಬ್ಬಾ, ನೆರಳು ಬೀಳಾಕತ್ತೈತಿ!"

ಓಣಿಗೆಲ್ಲ ಕೇಳುತ್ತಿದ್ದ ಅದೇ ಕೂಗು, ಅದೇ ಸಿಡುಕು. ನಾನು ಬುರ್ಖಾದ ಅಂಚು ಬಾಯಿಗೆ ಇಟ್ಟುಕೊಂಡೆ. ಇವರು ಬಿಸಿ ತಗುಲಿದವರ ಹಾಗೆ ಕೈ ಹಿಂದಕ್ಕೆ ತೆಗೆದರು.

ಗುಳ್ಳೆ ಕಡಿಮೆಯಾದವು, ನಿಂತವು. ಜ್ಯೋತಿಬಾ ಖುಷಿಯಿಂದ ಸ್ಟೀರಿಂಗಿಗೆ ಹತ್ತಿದ. ಅವಳು, "ತಡೀರಿ ಮಾಮಾ" ಅಂದಳು. ಮತ್ತೆ ಒಂದು ಗುಳ್ಳೆ, ಅದರ ಹಿಂದೆ ಇನ್ನೊಂದು.

ಇವರು ಅವಳ ಕಿವಿಯ ಹತ್ತಿರ, ಪರೀಕ್ಷೆಯಲ್ಲಿ ಕೇಳುವ ಮಾಸ್ತರರ ಹಾಗೆ ಕೇಳಿದರು. "ನಿಂತ ಗುಳ್ಳಿ ಮತ್ತ ಯಾಕ ಬಂದ್ವು?"

"ಎಲ್ಲೋ ಗಾಳಿ ಒಳಗ ಹೋಗಾಕತ್ತೈತಿ. ಎಷ್ಟ ಹೊರಗ ಹಾಕಿದ್ರೂ ಅಷ್ಟ ಒಳಗ ಬರತೈತಿ."

"ಎಲ್ಲಿಂದ?"

ಅವಳು ಇನ್ನಷ್ಟು ಬಗ್ಗಿದಳು. ಪೈಪಿನ ಗುಂಟ ಬೆಳಕು ಮೆಲ್ಲಗೆ ಹೊರಟಿತು. ಅಂಚು ಮಡಚಿದ ಬಟ್ಟೆಯ ಮೇಲೆ ನಾನು ಬೆರಳು ಎಳೆದುಕೊಂಡು ಹೋಗಿ ಬಿಟ್ಟುಹೋದ ಹೊಲಿಗೆ ಹುಡುಕುವುದಿಲ್ಲವೇ, ಹಾಗೆ. ಬಟನ್ ಒಮ್ಮೆ ಒತ್ತಿ ಚೂಪು ಬೆಳಕು ಮಾಡಿದಳು. ಕ್ಲಿಪ್ಪಿನ ಹತ್ತಿರ ರಬ್ಬರಿನ ಮೇಲೆ ಏನೋ ಹೊಳೆಯಿತು. ಉಗುರಿನಿಂದ ಒತ್ತಿದಳು. ಸೀಳು ಬಾಯಿಬಿಟ್ಟಿತು.

"ಇಲ್ಲಿ! ತುದಿ ಹರದೈತಿ. ಕ್ಲಿಪ್ ಬಿಗಿದು ಬಿಗಿದು ಕೊಯ್ದೈತಿ. ಇಷ್ಟು ಕತ್ತರಿಸಿ ಮತ್ತ ಕೂಡಿಸಿದ್ರ ಪೈಪ್ ಸಾಕಾಗತೈತಿ. ಆಗತೈತಲ್ಲ ಅಬ್ಬಾ?"

ಇವರು ಪೈಪನ್ನು ಬೆರಳಲ್ಲಿ ಅಳೆದರು. "ಆಗತೈತಿ" ಅಂದರು. "ನಾ ಗಾಳಿ ತೆಗದು ಕಳಸ್ತಿದ್ದೆ. ಮುಂದ ಎರಡು ತಿರುವು ಹೋಗಿ ಮತ್ತ ನಿಲ್ಲತಿತ್ತು." ಇದನ್ನು ಯಾರಿಗೆ ಹೇಳಿದರೋ, ಮಂಗಗಳಿಗೆ ಹೇಳಿದ ಹಾಗಿತ್ತು.

ಕತ್ತರಿಸಿದಳು, ಕೂಡಿಸಿದಳು, ಕ್ಲಿಪ್ ಬಿಗಿದಳು. ಹೆಚ್ಚು ಬಿಗಿಯಬೇಡ ಅಂತ ಅವರು ಬಾಯಿ ತೆಗೆಯುವಷ್ಟರಲ್ಲಿ ಕೈ ನಿಲ್ಲಿಸಿದ್ದಳು. ಮತ್ತೆ ಪಂಪ್ ಒತ್ತಿದರು. ಈ ಸಲ ಡೀಸೆಲ್ ಎಣ್ಣೆಯ ದಾರದ ಹಾಗೆ ನುಣ್ಣಗೆ ಬಂತು. ಜ್ಯೋತಿಬಾ ಚಾವಿ ತಿರುವಿದ. ಗಾಡಿ ಕೆಮ್ಮಿತು, ನಡುಗಿತು, ಮತ್ತೆ ಕೆಮ್ಮಿತು. ನಿಲೋಫರ ಉಸಿರು ಹಿಡಿದು ನಿಂತಿದ್ದಳು. ನಾನೂ. ಕಡೆಗೆ ಒಂದು ದೊಡ್ಡ ಕಪ್ಪು ಹೊಗೆ ಬಿಟ್ಟು ಇಂಜಿನ್ ಗುಡುಗುಡು ಓಡಿತು. ಮೇಲಿನ ಮಂಗಗಳೂ ಮರ ಬಿಟ್ಟು ಓಡಿದವು.

ಜ್ಯೋತಿಬಾ ಇಳಿದು ಬಂದ. ಹಿಂದಿನ ಬಾಗಿಲು ತೆಗೆದು ಒಂದು ಬುಟ್ಟಿ ತುಂಬ ಬಂಗಡೆ ತುಂಬಿ, ಬೇಡ ಬೇಡ ಅಂದರೂ ನಮ್ಮ ಓಮ್ನಿಯಲ್ಲಿ ಇಟ್ಟ. ಆಮೇಲೆ ಫೋನ್ ತೆಗೆದು ಇವರ ಎದುರು ನಿಂತ.

"ನಾ ವಾರಕ್ಕ ಮೂರು ಸಲ ಈ ದಾರ್ಯಾಗ ಬರ್ತೇನ್ರಿ ದಾದಾ. ಅಣಶಿ ಕಡೆ ಹೋಗೋ ನಮ್ಮ ಗಾಡಿಗಳೂ ಅದಾವು. ನಂಬರ್ ಕೊಟ್ಟಿಡ್ರಿ."

ಇವರು ನಂಬರು ಹೇಳತೊಡಗಿದರು. ಜ್ಯೋತಿಬಾ ತಲೆಯಾಡಿಸಿದ. "ನಿಮ್ಮದಲ್ರಿ. ಗಾಡಿ ರಿಪೇರಿ ಮಾಡಿದ್ರಲ್ಲ, ಅವರದು."

ಇವರ ಮುಖ ನೋಡಿದೆ. ಇಪ್ಪತ್ತು ವರ್ಷದ ಮೇಲಾಯಿತು, ಈ ದಾರಿಯಲ್ಲಿ ಗಾಡಿ ರಿಪೇರಿಯಾದ ಮೇಲೆ ಡ್ರೈವರುಗಳು ಕೇಳುತ್ತಿದ್ದುದು ತಾಜು ಮಿಸ್ತ್ರಿಯ ನಂಬರನ್ನೇ. ಇವರು ತಮ್ಮ ಅಂಟಿಸಿದ ಹಲ್ಲಿನ ಮೇಲೆ ನಾಲಿಗೆ ಆಡಿಸಿದರು. ಯೋಚನೆಗೆ ಬಿದ್ದಾಗ ಅವರು ಮಾಡುವುದು ಹಾಗೆ.

"ಹೆಣ್ಣ ಹುಡುಗಿ ಅಂತ ಗಾಡಿ ಕೊಡಾಕ ನಿಮಗೇನೂ ಅನಸಂಗಿಲ್ಲೇನು?" ಅಂದರು.

"ಏನ್ ಅನಸಬೇಕ್ರಿ? ನನ್ನ ಮೀನಕ್ಕ ಏನಾದ್ರೂ ಅನಸತೈತೇನು? ಗಾಡಿ ಹೊಂಟಿತಲ್ಲ."

ನಿಲೋಫರ ನಂಬರು ಹೇಳಿದಳು. ಮಧ್ಯದ ಅಂಕಿ ತಪ್ಪಿ ಮತ್ತೆ ಮೊದಲಿಂದ ಹೇಳಬೇಕಾಯಿತು.

"ಹೆಸರು ಏನಂತ ಹಾಕ್ಲಿ?" ಅಂದ ಜ್ಯೋತಿಬಾ.

ಅವಳು ಬಾಯಿ ತೆಗೆಯುವ ಮೊದಲು ಇವರು ಹೇಳಿದರು. "ನಿಲೋಫರ ಮಿಸ್ತ್ರಿ. ಹಂಗ ಹಾಕ್ರಿ. ಬರೀ ನಿಲೋಫರ ಅಂತ ಹಾಕಿದ್ರ ನಾಳೆ ನಿಮಗ ಯಾರಂತ ನೆನಪಾಗಂಗಿಲ್ಲ."

ಜ್ಯೋತಿಬಾ ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿಕೊಂಡು ಒತ್ತಿದ. ನಿಲೋಫರ ಅಪ್ಪನ ಕಡೆ ತಿರುಗಿದಳು. ಹಣೆಯ ದೀಪ ಇನ್ನೂ ಉರಿಯುತ್ತಿತ್ತು. ಇವರು ಕಣ್ಣಿಗೆ ಕೈ ಅಡ್ಡ ಹಿಡಿದರು, ಬೆಳಕಿಗೋ ಇನ್ನೊಂದಕ್ಕೋ ನಾನು ಕೇಳಲಿಲ್ಲ.

"ಭಾಳ ಹಲ್ಲು ಕಿರೀಬ್ಯಾಡ" ಅಂದರು. "ಕಾಲೇಜು ಮುಗಿಸಿ ಬರಬೇಕು. ಪರೀಕ್ಷಾದಾಗ ನಪಾಸಾದ್ರ ಗ್ಯಾರೇಜಿನ ಬಾಗಲಾಗ ಕಾಲ ಇಡಬ್ಯಾಡ. ಮತ್ತ ದುಪಟ್ಟಾ ಬಿಟ್ಟು ಅಂಗಿ ತೊಟ್ಟು ಬಾ, ಫ್ಯಾನ್ ಬೆಲ್ಟಿನ್ಯಾಗ ಸಿಕ್ರ ಏನ್ ಗತಿ? ನಿಮ್ಮಮ್ಮಿ ಹೊಲದು ಕೊಡ್ತಾಳ."

"ನಾ ಏನೂ ಹೊಲಿಯಂಗಿಲ್ಲ" ಅಂದೆ. "ನನ್ನ ಮಷೀನು ಮತ್ತ ಬಿಚ್ಚಂಗಿಲ್ಲ ಅಂತ ಆಣಿ ಮಾಡಿದ್ರ ಹೊಲೀತೇನಿ."

"ಮಷೀನಿನ ಬೆಲ್ಟ್ ಹಳೇದಾಗೈತಿ ಅಮ್ಮಿ. ಅದೊಂದು ಹಾಕಿಬಿಡ್ತೇನಿ. ಆಮ್ಯಾಲ ಬಿಚ್ಚಂಗಿಲ್ಲ."

ಓಮ್ನಿಯನ್ನು ಅವಳೇ ಓಡಿಸಿದಳು. ಜ್ಯೋತಿಬಾನ ಗಾಡಿ ಮುಂದೆ, ನಾವು ಹಿಂದೆ. ಇವರು ಪಕ್ಕದಲ್ಲಿ ಕೂತು, ಗೇರ್ ಬದಲಿಸು, ತಿರುವಿನಲ್ಲಿ ಹಾರ್ನ್ ಹೊಡಿ ಅಂತ ಸ್ವಲ್ಪ ದೂರ ಹೇಳಿ, ಆಮೇಲೆ ಗೊರಕೆ ಹೊಡೆಯತೊಡಗಿದರು. ನಾನು ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ಕಾಲಿನ ಮಧ್ಯೆ ಇಟ್ಟುಕೊಂಡು, ಇಷ್ಟು ಮೀನನ್ನು ಯಾರ ಯಾರ ಮನೆಗೆ ಕೊಡುವುದು ಅಂತ ಯೋಚಿಸುತ್ತ, ವಾಸನೆ ತಡೆಯಲಾರದೆ ಕಿಟಕಿಯ ಗಾಜು ಪೂರ್ತಿ ಸರಿಸಿದೆ.